ಮೀಸೆ ಬಂದ ಮೇಲೆ

ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಹೆಸರು ಸತೀಶ. ಫೋನು ಎತ್ತಿ ‘ಹಲೋ’ ಎಂದರೆ ಆ ಕಡೆಯವರು ‘ಮೇಡಂ’ ಎನ್ನುತ್ತಿದ್ದರು. ಮೊದಲ ವರ್ಷ ತಿದ್ದಿದೆ, ಎರಡನೆಯ ವರ್ಷ ಬಿಟ್ಟೆ. ಮೇಡಂ ಎಂದುಕೊಂಡರೆ ಜನ ಸ್ವಲ್ಪ ಮರ್ಯಾದೆಯಲ್ಲಿ ಮಾತಾಡುತ್ತಾರೆ ಎಂಬುದೂ ಗೊತ್ತಾಗಿತ್ತು. ಇಪ್ಪತ್ತೊಂಬತ್ತು ತುಂಬಿದರೂ ನನಗೆ ಮೀಸೆ ಬಂದಿರಲಿಲ್ಲ. ಸ್ವರ ಏಳನೇ ಕ್ಲಾಸಿನಲ್ಲಿ ಹೇಗಿತ್ತೋ ಹಾಗೆಯೇ ಉಳಿದಿತ್ತು. ಎತ್ತರ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದಿದ್ದೆ.

ಇದನ್ನು ಬರೆಯುವುದು ನಾನು ಗುಣವಾದೆ ಎಂದು ಸಾರಲಿಕ್ಕಲ್ಲ. ಸೀಕು ನನ್ನದು, ಅದರ ಮಾತು ಕೇಳಿಸಿಕೊಂಡವಳು ನನ್ನ ಹೆಂಡತಿ ಪ್ರಮೀಳಾ. ಆ ಮಾತುಗಳನ್ನು ಅವಳ ತಲೆಯಿಂದ ಇಳಿಸುವುದು ನನ್ನ ಕೈಯಲ್ಲಿತ್ತು. ಬಾಯಿ ಬಿಟ್ಟು ಒಂದು ಸತ್ಯ ಹೇಳಿದ್ದರೆ ಸಾಕಿತ್ತು. ಅಷ್ಟು ಹೇಳಲು ನಾನು ಮೂರು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡೆ. ನನ್ನಂಥವನು ಇನ್ನೊಬ್ಬ ಎಲ್ಲಾದರೂ ಇದ್ದರೆ, ಅವನು ಇದನ್ನು ಓದಿ ಇವತ್ತೇ ಮನೆಯಲ್ಲಿ ಬಾಯಿ ಬಿಡಲಿ ಎಂಬುದಷ್ಟೇ ಆಸೆ.

ನಮ್ಮ ಮನೆ ಕೇರಳದ ಗಡಿಯೊಳಗಿನ ಎಣ್ಮಕಜೆಯಲ್ಲಿ. ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ನಾನು ಚಿಕ್ಕವನಿರುವಾಗಲೇ ಹೋದರು. ಅಮ್ಮ ಒಬ್ಬಳೇ ಸಾಕಿದಳು. ಹದಿನೆಂಟಾದರೂ ಮೀಸೆ ಬಾರದಾಗ ಅಮ್ಮ, “ನಿನ್ನ ಅಜ್ಜನಿಗೂ ತಡವಾಗಿಯೇ ಬಂದದ್ದು, ತಲೆಬಿಸಿ ಮಾಡ್ಬೇಡ” ಎಂದಳು. ಇಪ್ಪತ್ತೆರಡಕ್ಕೂ ಅಜ್ಜನನ್ನೇ ಕರೆದಳು. ಆಮೇಲೆ ಅಜ್ಜನ ಹೆಸರು ಎತ್ತುವುದನ್ನೂ ಬಿಟ್ಟಳು. ನಮ್ಮ ಕಡೆ ಎಂತ ಸೀಕು ಬಂದರೂ ಜನ ಒಮ್ಮೆ ಗೇರುತೋಟದ ಕಡೆಗೆ ನೋಡುತ್ತಾರೆ, ಹಿಂದೆ ಅಲ್ಲಿ ಹೆಲಿಕಾಪ್ಟರಿನಿಂದ ಹೊಡೆದ ಕೀಟನಾಶಕ ಮದ್ದನ್ನು ನೆನೆಯುತ್ತಾರೆ. ನನ್ನದನ್ನು ಮಾತ್ರ ಯಾರೂ ಸೀಕು ಎಂದೇ ಲೆಕ್ಕಕ್ಕೆ ಹಿಡಿಯಲಿಲ್ಲ.

ಅದಕ್ಕೊಂದು ಕಾರಣ ಇತ್ತು. ನಾನು ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದೆ. ಹದಿನಾಲ್ಕನೇ ವಯಸ್ಸಿಗೆ ಊರಿನ ಸಂಘಕ್ಕೆ ಸೇರಿದವನು, ಭಾನುವಾರದ ಆಟಗಳಿಗೆಲ್ಲ ನಾನೇ ರಾಣಿ, ನಾನೇ ದೇವಿ. ಬಾಕಿ ಸ್ತ್ರೀವೇಷದವರು ಚೌಕಿಯಲ್ಲಿ ಕೂತು ಎರಡೆರಡು ಸಲ ಕ್ಷೌರ ಮಾಡಿ, ಗಲ್ಲದ ಹಸಿರು ಮುಚ್ಚಲು ಬಣ್ಣದ ಮೇಲೆ ಬಣ್ಣ ಹಚ್ಚುವಾಗ ನಾನು ಚಹಾ ಕುಡಿಯುತ್ತಾ ಕೂತಿರುತ್ತಿದ್ದೆ. ನನಗೆ ಹೆಜ್ಜೆ ಕಲಿಸಿದ ಶಂಭು ಮಾಸ್ಟ್ರು ನನ್ನ ಗಲ್ಲ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. “ನೋಡಿ, ಇದು ಪುಣ್ಯ! ಎಷ್ಟು ಜನ್ಮದ್ದೋ ಎಂತದೋ!” ಸಭೆಯಲ್ಲಿ ಹೆಂಗಸರು ಬಂದು ಕೈ ಮುಗಿದದ್ದುಂಟು. ದೇವಿಯೇ ಹೀಗೆ ಇಟ್ಟುಕೊಂಡಿದ್ದಾಳೆ ಎಂದು ಅಮ್ಮನೂ ನಂಬಿದಳು, ಅರ್ಧಂಬರ್ಧ ನಾನೂ ನಂಬಿದೆ. ಡಾಕ್ಟರ ಹತ್ತಿರ ಹೋಗಲು ಹೆದರುವವನಿಗೆ ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ?

ಇಪ್ಪತ್ತೇಳಕ್ಕೆ ಮದುವೆ ಆಯಿತು. ಅಮ್ಮ ಮಾಡಿಸಿದಳು ಎನ್ನಲಾರೆ, ನಾನೂ ಒಪ್ಪಿದವನೇ. ಪ್ರಮೀಳಾ ಅಂಗನವಾಡಿ ಟೀಚರು. ಆಟ ನೋಡಿ ಮೆಚ್ಚಿದ್ದಳಂತೆ. ಮದುವೆಯ ನಂತರ ನಾವಿಬ್ಬರು ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಪರಿಚಯಸ್ಥರ ಹಾಗೆ ಇದ್ದೆವು. ಅಷ್ಟು ಹೇಳಿದರೆ ಸಾಕು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಲು ನನಗೇ ಎಂತ ಗೊತ್ತಿತ್ತು? ಏನೋ ಸರಿ ಇಲ್ಲ ಎಂಬುದು ಗೊತ್ತಿತ್ತು. ಅದು ಗೊತ್ತಿದ್ದೂ ಒಂದು ಹುಡುಗಿಯ ಕುತ್ತಿಗೆಗೆ ತಾಳಿ ಕಟ್ಟಿದೆ.

ಆರು ತಿಂಗಳಿಗೆ ‘ವಿಶೇಷ ಉಂಟಾ?’ ಶುರುವಾಯಿತು. ಅಮ್ಮನ ಅಕ್ಕ, ಕಾರಡ್ಕದ ಸುಶೀಲ ದೊಡ್ಡಮ್ಮ, ಬಂದಾಗಲೆಲ್ಲ ಪ್ರಮೀಳಾಳ ಹೊಟ್ಟೆಯನ್ನೇ ನೋಡಿಕೊಂಡು ಮಾತಾಡುತ್ತಿದ್ದಳು. ವರ್ಷ ಕಳೆದ ಮೇಲೆ ಅಮ್ಮ ಪ್ರಮೀಳಾಳನ್ನು ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸ್ಕ್ಯಾನ್ ಆಯಿತು, ರಕ್ತ ಆಯಿತು, ಷಷ್ಠಿಗೆ ಉಪವಾಸ ಆಯಿತು. ಸರ್ಪದೋಷ ಎಂದು ಯಾರೋ ಹೇಳಿದರು, ಆಶ್ಲೇಷಾ ಬಲಿ ಮಾಡಿಸಿದೆವು. ಮಂಡಲದ ಎದುರು ನಾನು, ಅವಳು ಜೋಡಿಯಾಗಿ ಕೂತಿದ್ದೆವು. ಭಟ್ಟರು ಹೇಳಿದ ಹಾಗೆ ಸಂಕಲ್ಪ ಮಾಡಿದೆ. ಪಕ್ಕದಲ್ಲಿ ಅವಳು ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಇವಳು ಏನು ಬೇಡುತ್ತಿದ್ದಾಳೆ, ಇವಳಿಗೆ ಗೊತ್ತಿಲ್ಲವೇ ಎಂದು ನೋಡಿದೆ. ಭಟ್ಟರು ಕೊಟ್ಟ ಪ್ರಸಾದ ತೆಗೆದುಕೊಂಡು ಎದ್ದೆ.

ಎರಡು ವರ್ಷ ತುಂಬುವಾಗ ಒಂದು ದಿನ, ಬಟ್ಟೆ ಮಡಚುತ್ತಾ ಅವಳು ಹೇಳಿದಳು: “ಡಾಕ್ಟ್ರು ಮೂರನೇ ಸಲ ಹೇಳಿದ್ದು. ಗಂಡನನ್ನು ಕರ್ಕೊಂಡು ಬನ್ನಿ ಅಂತ. ಅತ್ತೆ ಹೊರಗಿದ್ರು, ಅವರಿಗೆ ಕೇಳ್ಲಿಲ್ಲ. ನಾನು ಹೇಳ್ಲಿಲ್ಲ.”

ಜಗಳ ಇಲ್ಲ, ಕಣ್ಣೀರು ಇಲ್ಲ. ಮಡಚಿದ ನನ್ನ ಶರ್ಟನ್ನು ನನ್ನ ಕೈಗೆ ಕೊಟ್ಟಳು. ಮರುದಿನ ರಜೆ ಹಾಕಿ ಆ ಡಾಕ್ಟರನ್ನು ಕಂಡು, ಅವರು ಕೊಟ್ಟ ಚೀಟಿ ಹಿಡಿದು ಮಂಗಳೂರಿಗೆ ಹೋದೆವು. ಅಲ್ಲೊಂದು ಆಸ್ಪತ್ರೆಯಲ್ಲಿ ಹಾರ್ಮೋನಿನ ಡಾಕ್ಟರಮ್ಮ ಒಬ್ಬರಿದ್ದರು.

ಕಾಯುವ ಕೋಣೆಯಲ್ಲಿ ಬಸುರಿ ಹೆಂಗಸರು, ಸಕ್ಕರೆ ಕಾಯಿಲೆಯ ಮುದುಕರು. ಒಬ್ಬ ಅಜ್ಜ ನನ್ನನ್ನು ನೋಡಿ ಪ್ರಮೀಳಾಳ ಹತ್ತಿರ, “ತಮ್ಮನಿಗೆ ಎಂತ ಆದದ್ದು?” ಎಂದ. ಅವಳು “ಜ್ವರ” ಎಂದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಮಲಯಾಳಿ ನರ್ಸ್ ಹುಡುಗಿಯೊಬ್ಬಳು ಬಂದು ಚೀಟಿ ನೋಡಿದಳು, ನನ್ನ ಮುಖ ನೋಡಿದಳು. ಒಂದು ಗಳಿಗೆಯೂ ತಡವರಿಸದೆ “ಸತೀಶೇಟ್ಟಾ, ವರೂ” ಎಂದಳು. ಏಟ್ಟ ಎಂದರೆ ಅಣ್ಣ, ವರೂ ಎಂದರೆ ಬನ್ನಿ. ಮನೆಯವರನ್ನು ಬಿಟ್ಟು ನನ್ನನ್ನು ಬೆಳೆದ ಗಂಡಸಿನ ಹಾಗೆ ಕರೆದವರು ಅವಳೇ ಮೊದಲು. ಆ ಹುಡುಗಿ ಈಗ ಎಲ್ಲಿದ್ದಾಳೋ, ಚೆನ್ನಾಗಿರಲಿ.

ಡಾಕ್ಟರಮ್ಮ ಎಲ್ಲ ಕೇಳಿ, ಎಲ್ಲ ನೋಡಿ, ಕೊನೆಗೆ ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು. “ನಿಮಗೆ ಪರಿಮಳ ಗೊತ್ತಾಗ್ತದಾ?”

“ಗೊತ್ತಾಗ್ತದಲ್ಲ” ಎಂದೆ.

ಮೇಜಿನೊಳಗಿಂದ ಒಂದು ಸಣ್ಣ ಡಬ್ಬಿ ತೆಗೆದು, ಕಣ್ಣು ಮುಚ್ಚಲು ಹೇಳಿ, ಮೂಗಿನ ಹತ್ತಿರ ಹಿಡಿದರು. “ಎಂತ ಇದು?”

“ಸಾಬೂನು?”

“ಕಾಪಿ ಪುಡಿ” ಎಂದರು.

ನನಗೆ ವಾಸನೆಯೇ ಇಲ್ಲ ಎಂದು ನನಗೆ ತಿಳಿದದ್ದು ಆಗ! ಬೇರೆಯವರು ‘ಆಹಾ’ ಎಂದರೆ ನಾನೂ ‘ಆಹಾ’ ಎನ್ನುತ್ತಿದ್ದೆ, ‘ಥೂ’ ಎಂದರೆ ನಾನೂ ಮೂಗು ಮುಚ್ಚುತ್ತಿದ್ದೆ. ಎಲ್ಲರೂ ಹಾಗೆಯೇ ಒಬ್ಬರನ್ನೊಬ್ಬರು ನೋಡಿ ಹೇಳುವುದು ಎಂದು ತಿಳಿದಿದ್ದೆ. ಅನ್ನ ಕರಟಿದ್ದು ಗೊತ್ತಾಗದೆ ಎಷ್ಟು ಸಲ ಬೈಗುಳ ತಿಂದಿದ್ದೇನೆ! ಹುಟ್ಟುವಾಗಲೇ ಬಂದ ಕೊರತೆ ಇದು, ವಾಸನೆಯೂ ಹಾರ್ಮೋನೂ ಒಟ್ಟಿಗೆ ಕೈಕೊಡುತ್ತವೆ, ತೋಟಕ್ಕೆ ಹೊಡೆದ ಯಾವ ಮದ್ದಿನಿಂದಲೂ ಬಂದದ್ದಲ್ಲ ಎಂದರು ಡಾಕ್ಟರಮ್ಮ. ಅದುವರೆಗೆ ಕಲ್ಲಿನ ಹಾಗೆ ಕೂತಿದ್ದ ಪ್ರಮೀಳಾ ಒಮ್ಮೆಲೇ ಅತ್ತಳು.

“ಎರಡು ವರ್ಷ ದಿನಾ ಮಲ್ಲಿಗೆ ಮುಡಿದೆ” ಎಂದಳು. “ಇವರಿಗೆ ನಾನೇ ಬೇಡ ಅಂತ ಎಣಿಸಿದ್ದೆ.”

ನಾನು ಗುಮಾಸ್ತ ಎಂದು ತಿಳಿದು ಡಾಕ್ಟರಮ್ಮ ಅದೇ ಭಾಷೆಯಲ್ಲಿ ವಿವರಿಸಿದರು. ಮೆದುಳಿನೊಳಗೆ ಒಂದು ಮೇಲಿನ ಆಫೀಸು ಉಂಟು, ಅದು ಕೆಳಗಿನ ಆಫೀಸಿಗೆ ಆರ್ಡರ್ ಕಳಿಸಬೇಕು. ನಿಮ್ಮಲ್ಲಿ ಆ ಆರ್ಡರ್ ಹೊರಟೇ ಇಲ್ಲ. ಆ ಆರ್ಡರನ್ನು ಈಗ ಲ್ಯಾಬಿನಲ್ಲಿ ತಯಾರು ಮಾಡುತ್ತಾರೆ, ಅಸಲಿನ ಹಾಗೆಯೇ. ಮೊದಲು ಒಂದು ಸಲ ಸೂಜಿಯಲ್ಲಿ ಕೊಟ್ಟು ನೋಡುವ, ಕೆಳಗಿನವರು ಏಳುತ್ತಾರಾ ಅಂತ. ಸೂಜಿ ಚುಚ್ಚಿದರು. ಅರ್ಧರ್ಧ ಗಂಟೆಗೊಮ್ಮೆ ರಕ್ತ ತೆಗೆದರು. ಎರಡು ಗಂಟೆ ಆ ಮಂಚದಲ್ಲಿ ಮಲಗಿ ನಾನು ನನ್ನ ಮೈಯ ಕಡೆಗೆ ಕಿವಿ ಕೊಟ್ಟಿದ್ದೆ. ಎಂತದೂ ಕೇಳಲಿಲ್ಲ. ಮೂರನೇ ದಿನ ಮತ್ತೆ ಹೋದಾಗ ರಿಪೋರ್ಟು ಬಂದಿತ್ತು. “ಪೂರ್ತಿ ಎದ್ದಿಲ್ಲ, ಮಗ್ಗುಲು ಬದಲಿಸಿದ್ದಾರೆ” ಎಂದರು ಡಾಕ್ಟರಮ್ಮ.

ಎರಡು ದಾರಿ ಇತ್ತು. ಕೆಲವು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡರೆ ಮೀಸೆ ಬರುತ್ತದೆ, ಸ್ವರ ಬರುತ್ತದೆ, ಮೂಳೆ ಗಟ್ಟಿಯಾಗುತ್ತದೆ, ಆದರೆ ಮಗುವಿಗೆ ಅದು ಸಾಲದು. ಮಗು ಬೇಕಾದರೆ ಆ ತಯಾರಿಸಿದ ಆರ್ಡರನ್ನೇ ಹೊಟ್ಟೆಗೆ ಕಟ್ಟಿದ ಒಂದು ಮೆಷಿನಿನಿಂದ ಒಂದೂವರೆ ಗಂಟೆಗೊಮ್ಮೆ ಹನಿಹನಿಯಾಗಿ ಕೊಡಬೇಕು, ತಿಂಗಳುಗಟ್ಟಲೆ. ಗ್ಯಾರಂಟಿ ಇಲ್ಲ.

“ನನ್ನ ಸ್ವರ ಹೋಗ್ತದಾ?” ಎಂದು ಕೇಳಿದೆ. ನೋಡಿ ನನ್ನ ಬುದ್ಧಿ! ಪಕ್ಕದಲ್ಲಿ ಅವಳು ಕೂತಿದ್ದಾಳೆ, ನಾನು ವೇಷದ ಚಿಂತೆ ಮಾಡುತ್ತಿದ್ದೇನೆ.

“ಮೆಷಿನ್” ಎಂದಳು ಪ್ರಮೀಳಾ, ನನ್ನ ಕಡೆ ನೋಡದೆ.

ಅವತ್ತೇ ಮೆಷಿನ್ ಕಟ್ಟಿಸಿಕೊಂಡು ಊರಿಗೆ ಬರುವ ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದಳು. “ಅತ್ತೆಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಗಂಡನ ಮೇಲೆ ಹಾಕಿದ್ಲು ಅಂತಾಗ್ತದೆ.”

“ಹೇಳ್ತೇನೆ” ಎಂದೆ. ನಿಜವಾಗಿಯೂ ಹೇಳುವವನಿದ್ದೆ. ಮನೆಗೆ ಬಂದು ಶರ್ಟು ಬಿಚ್ಚುವಾಗ ಅಮ್ಮ ಹೊಟ್ಟೆಯ ಮೇಲಿನ ಮೆಷಿನ್ ನೋಡಿ ಬೆಚ್ಚಿದಳು. “ಅಯ್ಯೋ, ಎಂತದು ಮಗಾ ಅದು?” ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: “ಪಕ್ಕದ ಮನೆಯ ಮಗುವಿಗೆ ಕಟ್ಟಿದ್ದು ಇಂಥದ್ದೇ ಅಲ್ವಾ? ಸಕ್ಕರೆಯದ್ದು?”

“ಹೌದು” ಎಂದೆ.

ಬಾಗಿಲ ಹತ್ತಿರ ನಿಂತಿದ್ದ ಪ್ರಮೀಳಾ ಒಳಗೆ ಹೋದಳು.

ಆ ಸುಳ್ಳಿಗೆ ದೇವರು ಕೂಡಲೇ ಶಿಕ್ಷೆ ಕೊಟ್ಟ. ಮರುದಿನದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಾಗಲಕಾಯಿ ರಸ. ಚಹಾಕ್ಕೆ ಸಕ್ಕರೆ ಇಲ್ಲ. ಹಬ್ಬದ ದಿನ ಎಲ್ಲರ ಬಾಳೆಗೆ ಪಾಯಸ, ನನ್ನ ಬಾಳೆಯಲ್ಲಿ ಮೆಂತೆ. ಎಷ್ಟೋ ತಿಂಗಳು ಆ ರಸ ಕುಡಿದೆ. ಕಣ್ಣಿಂದ ನೀರು ಬರುವಷ್ಟು ಕಹಿ. ಅಮ್ಮ ಎದುರಿಗೇ ನಿಂತು ಕುಡಿಸುತ್ತಿದ್ದಳು, ಪಾಪ, ನಸುಕಿಗೇ ಎದ್ದು ಅರೆದವಳು. ಅಡುಗೆಮನೆಯಿಂದ ಒಮ್ಮೊಮ್ಮೆ ಪ್ರಮೀಳಾ ನಗುವುದು ಕೇಳುತ್ತಿತ್ತು. ಆ ನಗು ಕೇಳಿದ ದಿನ ನನಗೆ ಸಮಾಧಾನ.

ಎರಡು ಮೂರು ದಿನಕ್ಕೊಮ್ಮೆ ಸೂಜಿಯ ಜಾಗ ಬದಲಿಸಬೇಕಿತ್ತು. ನನಗೆ ಧೈರ್ಯ ಬರಲಿಲ್ಲ, ಅವಳೇ ಕಲಿತಳು. ಹೊಟ್ಟೆಯ ಚರ್ಮ ಹಿಡಿದು, “ಉಸಿರು ಬಿಡಿ” ಎಂದು, ಚುಚ್ಚುತ್ತಿದ್ದಳು. ಮದುವೆಯಾಗಿ ಎರಡು ವರ್ಷದ ನಂತರ ನಾವು ಒಬ್ಬರನ್ನೊಬ್ಬರು ಮುಟ್ಟಿ ಮಾತಾಡಲು ಕಲಿತದ್ದು ಆ ಸೂಜಿಯಿಂದ. ಮೆಷಿನ್ ‘ಟಿಕ್’ ಎನ್ನುತ್ತಿತ್ತು. ಕಚೇರಿಯಲ್ಲಿ, ಬಸ್ಸಿನಲ್ಲಿ, ಊಟದ ನಡುವೆ. ಪ್ರತಿ ಟಿಕ್ಕಿಗೂ, ಈಗ ಎದ್ದಿರಬಹುದಾ, ಈಗ ಎದ್ದಿರಬಹುದಾ ಎಂದು ಕಾಯುತ್ತಿದ್ದೆ. ನನ್ನ ಮೈ ನನ್ನ ಮಾತು ಕೇಳುವುದಿಲ್ಲ, ಒಂದು ಡಬ್ಬಿಯ ಮಾತು ಕೇಳುತ್ತದೆ. ಅದು ಕೇಳಿದರೂ ಕೇಳಿತು, ಬಿಟ್ಟರೂ ಬಿಟ್ಟಿತು.

ಅಮ್ಮನಿಗೆ ಹೇಳುವುದನ್ನು ನಾಳೆ ನಾಳೆ ಎಂದು ತಳ್ಳಿದೆ. ಮಗು ಒಂದು ಆಗಿಬಿಟ್ಟರೆ ಹೇಳುವ ಅಗತ್ಯವೇ ಇಲ್ಲ, ಎಲ್ಲರ ಬಾಯಿ ತಾನಾಗಿ ಮುಚ್ಚುತ್ತದೆ ಎಂಬುದು ನನ್ನ ಲೆಕ್ಕ. ಪ್ರಮೀಳಾ ಎರಡು ಸಲ ನೆನಪಿಸಿದಳು. ಮೂರನೇ ಸಲ ನೆನಪಿಸಲಿಲ್ಲ.

ಏಳನೇ ತಿಂಗಳಿಗೆ ಮೇಲ್ದುಟಿಯಲ್ಲಿ ಕಪ್ಪು ಕಂಡಿತು. ಆ ಭಾನುವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಆಟ. ಚೌಕಿಯಲ್ಲಿ ಶಂಭು ಮಾಸ್ಟ್ರು ಎಂದಿನಂತೆ ಗಲ್ಲ ಹಿಡಿದವರು ಕೈ ಹಿಂದಕ್ಕೆ ತೆಗೆದರು.

“ಎಂತ ಮಾಡಿಕೊಂಡೆ ಮಾರಾಯ?”

“ಸೀಕಿಗೆ ಮದ್ದು ಮಾಸ್ಟ್ರೇ. ಇಷ್ಟು ವರ್ಷ ಇದ್ದದ್ದು ಸೀಕಂತೆ.”

ಅವರು ತಾವೇ ಬ್ಲೇಡು ತೆಗೆದು ನನ್ನ ಕ್ಷೌರ ಮಾಡಿದರು. “ಗೊತ್ತಿರ್ಲಿಲ್ಲ ಮಾರಾಯ” ಎಂದರು. “ಪುಣ್ಯ ಪುಣ್ಯ ಅಂತ ಹೇಳಿ ಹೇಳಿ ನಾನೇ ನಿನ್ನನ್ನು ಕೆಡಿಸಿದೆ.” ರಂಗಸ್ಥಳಕ್ಕೆ ಹೋದೆ. ಎರಡನೇ ಮಾತಿಗೆ ಸ್ವರ ಒಡೆಯಿತು. ರಾಣಿಯ ಬಾಯಿಂದ ಗಂಡಸಿನ ಸ್ವರ ಬಂತು, ಮತ್ತೆ ಹೆಣ್ಣಿನದು, ಮತ್ತೆ ಗಂಡಸಿನದು. ಸಭೆ ನಕ್ಕಿತು. ಅವರ ತಪ್ಪೇನೂ ಇಲ್ಲ, ನಗು ಬರುವ ಹಾಗೆಯೇ ಇತ್ತು. ವೇಷ ಕಳಚಿ ಇಟ್ಟವನು ಮತ್ತೆ ಹಾಕಲಿಲ್ಲ. ಗಂಡುವೇಷದ ಹೆಜ್ಜೆ ನನ್ನ ಕಾಲಿಗೆ ಬರುವುದಿಲ್ಲ, ಪ್ರಯತ್ನಿಸಿ ನೋಡಿದೆ. ಹದಿನೈದು ವರ್ಷ ಒಂದು ಕೆಲಸ ಚೆನ್ನಾಗಿ ಮಾಡಿದ್ದೆ. ಅದು ಹೋಯಿತು. ಸಂಕಟವಾಯಿತು, ಈಗಲೂ ಆಗುತ್ತದೆ.

ಮನೆಯಲ್ಲಿ ಮಾತ್ರ ಹಬ್ಬ! ಮೀಸೆ ನೋಡಿ ಅಮ್ಮನಿಗೆ ಕೈಕಾಲು ನಿಲ್ಲಲಿಲ್ಲ. ಆಶ್ಲೇಷಾ ಬಲಿಯ ಫಲ ಎಂದು ನಾಗನ ಕಟ್ಟೆಗೆ ಹಾಲು ಹೊಯ್ದು ಬಂದಳು. ಸಕ್ಕರೆಯ ಮೆಷಿನಿಗೂ ಮೀಸೆಗೂ ಸಂಬಂಧ ಕಟ್ಟಲು ಅವಳಿಗೆ ಕಾರಣವೇ ಇರಲಿಲ್ಲ, ನಾನೇ ಇಲ್ಲದ ಹಾಗೆ ಮಾಡಿದ್ದೆ.

ಹದಿನಾಲ್ಕನೇ ತಿಂಗಳು ಮಂಗಳೂರಿಗೆ ಹೋದಾಗ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರದೇಶದಿಂದ ಬರುತ್ತಿದ್ದ ಆ ಮದ್ದು ಇನ್ನು ಬರುವುದಿಲ್ಲ. ಎಲ್ಲೂ ಸಿಗುತ್ತಿಲ್ಲ, ಅವರೂ ಕೇಳಬೇಕಾದಲ್ಲೆಲ್ಲ ಕೇಳಿ ಆಗಿತ್ತು. ಆ ದಿನದ ವೀರ್ಯ ಪರೀಕ್ಷೆಯಲ್ಲಿ ಮೊದಲ ಸಲ ಏನೋ ಒಂದೆರಡು ಕಂಡಿದ್ದವಂತೆ, ಜೀವ ಇಲ್ಲದವು. “ಇನ್ನೊಂದು ವರ್ಷ ಸಿಕ್ಕಿದ್ರೆ ಹೇಳ್ಬಹುದಿತ್ತು” ಎಂದರು. “ಬೇರೆ ಇಂಜೆಕ್ಷನ್ ಉಂಟು, ವಾರಕ್ಕೆ ಮೂರು. ನೋಡುವ.”

ಯಾರ ಮೇಲೆ ಸಿಟ್ಟು ಮಾಡುವುದು? ಮೆಷಿನ್ ಬಿಚ್ಚಿ ಕೊಟ್ಟು ಬಂದೆವು. ಎಷ್ಟೋ ದಿನ ಒಂದೂವರೆ ಗಂಟೆ ಕಳೆದಾಗಲೆಲ್ಲ ನನ್ನ ಕೈ ಹೊಟ್ಟೆಯ ಕಡೆಗೆ ಹೋಗುತ್ತಿತ್ತು. ಈಗ ವಾರಕ್ಕೆ ಮೂರು ಸೂಜಿ ನಡೆಯುತ್ತಿದೆ, ಪ್ರಮೀಳಾಳೇ ಚುಚ್ಚುವುದು. ಏನಾಗುತ್ತದೋ ಗೊತ್ತಿಲ್ಲ.

ಕಳೆದ ತಿಂಗಳು ಒಂದು ರಜೆಯ ದಿನ ಸುಶೀಲ ದೊಡ್ಡಮ್ಮ ಬಂದಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು, ಪ್ರಮೀಳಾ ಬಡಿಸುತ್ತಿದ್ದಳು. ದೊಡ್ಡಮ್ಮ ನನ್ನ ಮುಖವನ್ನು ಕಣ್ತುಂಬ ನೋಡಿ, “ಈಗ ನೋಡು, ಸಮಾ ಗಂಡಸು!” ಎಂದಳು.

ಅಮ್ಮ ಸಾರು ಕಲಸುತ್ತಾ ಹೇಳಿದಳು. “ಇವನದ್ದು ಎಲ್ಲ ಸರಿ ಆಯ್ತು. ಸಕ್ಕರೆ ಕೂಡ ಇಳಿಯಿತು, ಮೆಷಿನ್ ತೆಗೆದ್ರು. ಮೊದಲು ನನಗೂ ಒಂದು ಸಂಶಯ ಇತ್ತು, ಇವನದ್ದೇ ಏನಾದ್ರೂ ಇರ್ಬಹುದಾ ಅಂತ. ಈಗ ಅದೂ ಇಲ್ಲ. ಇನ್ನು ಇವಳದ್ದೇ.”

“ಎಷ್ಟು ವರ್ಷ ಕಾಯುದು?” ಎಂದಳು ದೊಡ್ಡಮ್ಮ. “ನಮ್ಮ ಕಡೆ ಒಂದು ಹುಡುಗಿ ಉಂಟು. ಕೇಳುವುದರಲ್ಲಿ ತಪ್ಪೇನು?”

ಪ್ರಮೀಳಾಳ ಕೈಯ ಸೌಟು ನನ್ನ ಬಾಳೆಯ ಮೇಲೆ ನಿಂತಿತು. ಅವಳು ನನ್ನನ್ನು ನೋಡಲಿಲ್ಲ.

ನಾನು ಊಟದ ಕೈಯಲ್ಲೇ ಎದ್ದು ನಿಂತೆ. ಎಲ್ಲ ಹೇಳಿದೆ. ಕೊರತೆ ನನ್ನದು, ಹುಟ್ಟಿದಾಗಿನಿಂದ ನನ್ನದು, ಅದು ಸಕ್ಕರೆಯ ಮೆಷಿನ್ ಆಗಿರಲಿಲ್ಲ, ನಾನು ಸುಳ್ಳು ಹೇಳಿದೆ, ಇವಳಲ್ಲಿ ಯಾವ ದೋಷವೂ ಇಲ್ಲ, ಮದುವೆಗೆ ಮೊದಲೇ ನನಗೆ ಸಂಶಯ ಇತ್ತು. ಒಳಗೆ ಹೋಗಿ ಫೈಲು ತಂದು ಅಮ್ಮನ ಎದುರು ಬಿಡಿಸಿ ಹಿಡಿದೆ. ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು.

ಅಮ್ಮ ಹಾಳೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. ಅವಳ ಕಣ್ಣು ತುಂಬಿತು. ಅಬ್ಬ, ಮುಗಿಯಿತು ಎಂದುಕೊಂಡೆ.

“ಕೇಳಿದೆಯಾ ಅಕ್ಕಾ?” ಎಂದಳು ಅಮ್ಮ. “ಹೆಂಡತಿಯ ಮಾನ ಕಾಯ್ಲಿಕ್ಕೆ ತನ್ನ ಮೇಲೆ ಹಾಕಿಕೊಳ್ತಾನೆ. ಅವನ ಅಪ್ಪನೂ ಹೀಗೆಯೇ ಇದ್ದದ್ದು.”

ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿದಳು. “ಬೇಡ ಮಾರಾಯ, ನಾನು ಆ ಹುಡುಗಿಯ ಮಾತು ಎತ್ತುವುದಿಲ್ಲ. ಇಷ್ಟು ಪ್ರೀತಿ ಇರುವಾಗ ಪಾಪ ನಮಗೇ ಸುತ್ತಿಕೊಳ್ತದೆ.”

“ಅಮ್ಮ, ನಿಜ ಹೇಳ್ತಾ ಇದ್ದೇನೆ, ದೇವರಾಣೆ!” ಎಂದು ಕೂಗಿದೆ. ಇಡೀ ಮನೆಗೆ ಕೇಳುವ ಗಂಡಸಿನ ಸ್ವರ. ಅಮ್ಮ ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದಳು. ಪ್ರಮೀಳಾಳ ಕಡೆ ತಿರುಗಿ, “ನೀನಾದರೂ ಹೇಳು” ಎಂದೆ.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟು, ನನ್ನ ಕೈಯಿಂದ ಫೈಲು ತೆಗೆದುಕೊಂಡು, ಹಾಳೆಗೆ ಸಾರು ತಾಗಿದ್ದನ್ನು ಬೆರಳಿನಿಂದ ಒರೆಸಿದಳು.

“ಇಂಥ ಗಂಡ ಸಿಕ್ಕಿದ್ದು ನಿನ್ನ ಪುಣ್ಯ, ಪ್ರಮೀಳಾ” ಎಂದಳು ಅಮ್ಮ.

“ಹೌದು ಅತ್ತೆ” ಎಂದಳು ಪ್ರಮೀಳಾ.